ಕಣ್ಣು ಮುಚ್ಚಿದ ರಾಜಕುಮಾರಿ

ಹುಣಸೆಮರದ ಮರೆಗೆ ಸರಿದು ನಿಂತಾಗಲೂ ನಾಗೇಂದ್ರಪ್ಪನ ಕತ್ತು ತಗ್ಗಲಿಲ್ಲ. ಹೆಂಡತಿಯ ಮೇಲೆ ಕಣ್ಣಿಡಲು ಬಂದವನಲ್ಲ, ಕಥೆಗಾಗಿ ಸೂಳೆಕೆರೆ ನೋಡಲು ಬಂದವನು ಎಂದು ತನಗೇ ಹೇಳಿಕೊಂಡ.

ಚನ್ನಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ಅವನ ಧಾರಾವಾಹಿ ವಾರಪತ್ರಿಕೆಯೊಂದರಲ್ಲಿ ಬರುತ್ತಿತ್ತು. ಈ ವಾರ ರಾಜಕುಮಾರಿ ಕಣ್ಣು ಮುಚ್ಚಿ ಗೋಪುರದಿಂದ ಧುಮುಕಿದ್ದಳು. ಗಂಧರ್ವ ಆಕಾಶದಲ್ಲೇ ಎತ್ತಿಕೊಂಡಿದ್ದ. 'ನಂಬಿಕೆಯಿಲ್ಲದ ಪ್ರೀತಿ ಬುನಾದಿಯಿಲ್ಲದ ಮನೆ' ಎಂಬ ಸಾಲನ್ನು ಪ್ರಿನ್ಸಿಪಾಲರೇ ಬಾಯಿಪಾಠ ಒಪ್ಪಿಸಿದ್ದರು. ಅವನಿಗೆ ಹೆಮ್ಮೆಯಾಗಿತ್ತು. ಯಾಕಾಗಬಾರದು? ಆ ಊರಿನಲ್ಲಿ ಗಂಧರ್ವರನ್ನು ಸಾಕಿದವನು ಅವನೊಬ್ಬನೇ.

ಹೆಂಡತಿ ಕೊಟ್ರಮ್ಮ ಕೆರೆಯಾಚೆಯ ಶಾಲೆಯಲ್ಲಿ ಟೀಚರು. ಬಳಸುದಾರಿಯ ಬಸ್ಸು ಬಿಟ್ಟು ಹರಿಗೋಲಿನಲ್ಲಿ ಬರುತ್ತಿದ್ದಳು. ಊಟಕ್ಕೆ ಕೂತಾಗ ಅಂಬಿಗ ಮಾರಪ್ಪನ ಮಾತು ಹೇಳಿ ನಗುತ್ತಿದ್ದಳು. ಆ ನಗುವೇ ಅವನನ್ನು ಈ ದಡಕ್ಕೆ ಎಳೆದು ತಂದಿತ್ತು.

ಹರಿಗೋಲು ದಡಕ್ಕೆ ಬಂತು. ಮಾರಪ್ಪ ಬೊಚ್ಚುಬಾಯಿಯ ಮುದುಕ. ನಾಗೇಂದ್ರಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಕೊಟ್ರಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಮುಖದಲ್ಲಿ ಅವನು ಮನೆಯಲ್ಲಿ ಎಂದೂ ಕಾಣದ ನಿರಾಳ. ಮರೆಯಿಂದ ಹೊರಗೆ ಬಂದ.

ಅವಳು ಕಣ್ಣು ತೆರೆದಳು. "ಯಾಕ್ ಬಂದ್ರಿ?"

"ಸುಮ್ನೆ. ಕೆರೆ ನೋಡಾಕೆ."

"ಮರದ ಹಿಂದ್ಲಿಂದ ಕಾಣ್ತಿತ್ತೇನ್ರಿ?"

ಅವನು ಹರಿಗೋಲಿನ ಹತ್ತಿರ ಬಂದು ನಿಂತ. "ಕಣ್ಣು ಯಾಕೆ ಮುಚ್ಚಿದ್ದೆ?"

"ನೀರು ಕಂಡ್ರೆ ತಲೆ ತಿರುಗ್ತೈತ್ರಿ. ಮಾರಪ್ಪಜ್ಜ ಇದ್ರೆ ಮುಚ್ಚಿಕೊಂಡು ಕುಂತ್ಬಿಡ್ತೀನಿ. ದಡ ತಾನೇ ಬರ್ತೈತೆ."

ನಾಗೇಂದ್ರಪ್ಪ ಮುದುಕನ ಕೈಯಿಂದ ಹುಟ್ಟು ಕಿತ್ತುಕೊಂಡ. "ನೀ ಇಳಿ ಅಜ್ಜ. ನಾನೇ ಒಂದು ಸುತ್ತು ಹಾಕಿಸ್ತೀನಿ."

"ಬ್ಯಾಡ್ರಿ," ಎಂದಳು ಕೊಟ್ರಮ್ಮ.

"ನನ್ನ ಮ್ಯಾಲೆ ನಂಬಿಕೆ ಇಲ್ಲೇನು?"

ಮುದುಕ ಇಳಿದ, ಅವನು ಹತ್ತಿದ. ಅವಳು ಇಳಿಯಲಿಲ್ಲ.

ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹರಿಗೋಲು ನಿಂತಲ್ಲೇ ತಿರುಗತೊಡಗಿತು.

"ಮುಂದ್ಗಡೆ ಹಾಕ್ರಿ ಸ್ವಾಮಿ, ಪಕ್ಕಕ್ಕಲ್ಲ," ಎಂದು ಮಾರಪ್ಪ ದಡದಿಂದ ಕೂಗಿದ. ಅಂಬಿಗನಿಂದ ಹೇಳಿಸಿಕೊಳ್ಳುವವನೇ ಅವನು? ಬೆನ್ನು ನೆಟ್ಟಗೆ ಮಾಡಿಕೊಂಡು ಪಕ್ಕಕ್ಕೇ ಇನ್ನೂ ಜೋರಾಗಿ ಹುಟ್ಟು ಹಾಕಿದ.

"ಕಣ್ಣು ಮುಚ್ಚು," ಎಂದ.

ಕೊಟ್ರಮ್ಮ ಎರಡೂ ಕೈಯಿಂದ ಅಂಚು ಹಿಡಿದಿದ್ದಳು.

"ಮುಚ್ಚು ಅಂದೆ."

ದಡ ಸುತ್ತಿ ಬಂತು. ಹುಣಸೆಮರ ಸುತ್ತಿ ಬಂತು. ಮುದುಕನೂ ಸುತ್ತಿ ಬಂದ. ಸುತ್ತದೆ ನಿಂತದ್ದು ಎದುರಿಗಿದ್ದ ಅವಳ ಕಣ್ಣುಗಳು ಮಾತ್ರ. ಅಗಲವಾಗಿ ತೆರೆದುಕೊಂಡು, ರೆಪ್ಪೆ ಬಡಿಯದೆ ಅವನ ಕೈಯನ್ನೇ ಕಾಯುತ್ತಿದ್ದವು.