ಕೇರಿಗೆ ಬಾರದ ಡಂಗುರ

"ಏ ಸೂಳಿಮಗನ, ನಿನ್ನ ನೆರಳು ಕಟ್ಟಿ ಮ್ಯಾಲ ಬಿತ್ತು. ಹಿಂದ ಸರಿ! ಇನ್ನಷ್ಟು ಸರಿ!"

ಕೇದಾರಿ ಸರಿದ. ಡಂಗುರದ ಹಲಗಿಯನ್ನು ಬಗಲಿಗೆ ಏರಿಸಿಕೊಂಡು ಬೇವಿನ ಮರ ದಾಟಿ ಬಿಸಿಲಿಗೆ ಬಂದು ನಿಂತ. ಚಾವಡಿಯ ಕಟ್ಟೆಯ ಮೇಲೆ ದುಂಡಪ್ಪಗೌಡರು ಹಲ್ಲುಜ್ಜುತ್ತಿದ್ದರು. ಉಗುಳುವುದು, ಹುಕುಂ ಹೇಳುವುದು ಎರಡೂ ಜೊತೆಗೇ ನಡೆದಿತ್ತು.

"ಹಳ್ಳಕ್ಕ ಯಾರೂ ದನ ಇಳಿಸಬಾರದು, ಬಟ್ಟಿ ಒಗಿಬಾರದು, ನೀರ ಕುಡೀಬಾರದು ಅಂತ ಸಾರು. ಗೋಕಾಕದಿಂದ ಹುಕುಂ ಬಂದೈತಿ."

"ಯಾಕ್ರಿ ಯಪ್ಪಾ?"

"ಯಾಕ ಅಂತ ಕೇಳಾಕ ನೀ ಏನ್ ನನ್ನ ಮಾವೇನಲೇ? ಹೇಳಿದಷ್ಟು ಒದರು."

"ನಮ್ಮ ಕೇರಿಗೆ ಏನ್ ಹೇಳ್ಲಿರಿ?"

"ನಿಮ್ಮ ಕೇರಿಗೆ ಏನ್ ಹೇಳೂದೈತಿ? ಜೋಳದ ರಾಶಿ ನಡದೈತಿ, ಎಲ್ಲಾರೂ ಕಣಕ್ಕ ಬರ್ರಿ ಅಂತ ಹೇಳು. ನಡಿ, ಹೊತ್ತಾತು."

ಆ ಊರಿನಲ್ಲಿ ಡಂಗುರ ಹೊಲಗೇರಿಗೆ ಬರುವ ರೂಢಿಯೇ ಇರಲಿಲ್ಲ. ಹಲಗಿ ಬಾರಿಸುವವನು ಕೇರಿಯವನು, ಕೇಳುವವರು ಊರಿನವರು. ಕೇರಿಗೆ ಏನಾದರೂ ಹೇಳುವುದಿದ್ದರೆ, ಅಂದರೆ ಬಿಟ್ಟಿ ದುಡಿತ, ಸತ್ತ ದನ ಎಳೆಯುವುದು ಇಂಥವು, ಕೇದಾರಿಯನ್ನು ಬೇರೆಯಾಗಿ ಕರೆದು ಹೇಳುತ್ತಿದ್ದರು. ಒಂದು ಅಮಾವಾಸ್ಯೆಗೆ ಯಾರೂ ಹೊಲದ ಕೆಲಸ ಮಾಡಬಾರದೆಂದು ತಾನೇ ಸಾರಿ ಬಂದವನು, ಸರಿ, ನನಗೂ ಬಿಡುವು ಎಂದು ಮಲಗಿಬಿಟ್ಟಿದ್ದ. ಗೌಡರ ಆಳು ಬಂದು ಜುಟ್ಟು ಹಿಡಿದು ಎಳೆದೊಯ್ದ. "ಆ ಡಂಗುರ ನಿನಗೇನಲೇ?" ಎಂದು ಗೌಡರು ಕಾಲಿನ ಮೆಟ್ಟು ತೆಗೆದು ಬಾರಿಸಿದ್ದರು. ಆ ಪಾಠ ಅವನಿಗೆ ಚೆನ್ನಾಗಿ ತಲೆಗೆ ಹತ್ತಿತ್ತು.

ಹೇಳಿದಷ್ಟನ್ನು, ಒಂದು ಮಾತು ಹೆಚ್ಚಿಲ್ಲ ಒಂದು ಮಾತು ಕಡಿಮೆಯಿಲ್ಲ, ಊರ ಓಣಿಗಳಲ್ಲಿ ಸಾರಿ ಅವನು ಗುಡಿಸಲಿಗೆ ಬಂದ. ಹೆಂಡತಿ ಲಗಮವ್ವ ಬಿಂದಿಗೆ ತೊಳೆಯುತ್ತಿದ್ದಳು.

"ಏನ್ ಸಾರಿ ಬಂದಿ?"

"ಹಳ್ಳದ ನೀರ ಕುಡೀಬಾರದಂತ."

"ಅವರು ಯಾವಾಗ ಕುಡದಿದ್ರೋ? ಊರ ಬಾವಿ ಐತಲ್ಲ ಅವರಿಗೆ. ನಮಗೇನರ ಹೇಳ್ಯಾರೇನು?"

"ರಾಶಿಗೆ ಬರ್ರಿ ಅಂದಾರ."

ಲಗಮವ್ವ ನಕ್ಕಳು. ಬಿಂದಿಗೆ ಸೊಂಟಕ್ಕೇರಿಸಿಕೊಂಡು ಹಳ್ಳದ ಕಡೆ ಹೋದಳು.

ಕೇರಿಯಲ್ಲಿ ಮೊದಲು ಸತ್ತವಳು ಕೇದಾರಿಯ ತಾಯಿ ಅಕ್ಕವ್ವ. ನಸುಕಿನಲ್ಲಿ ವಾಂತಿ ಭೇದಿ ಶುರುವಾಯಿತು, ಮಧ್ಯಾಹ್ನಕ್ಕೆ ಕಣ್ಣು ಮೇಲಾದವು. ಮರುದಿನ ಎದುರು ಮನೆಯಲ್ಲಿ ಇಬ್ಬರು. ಆಮೇಲೆ ಗುಂಡಿ ತೋಡುವವರಿಗೂ ತ್ರಾಣ ಉಳಿಯಲಿಲ್ಲ. ಕೇದಾರಿಗೆ ಅಳು ಬರಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಬಂದು ರೊಟ್ಟಿ ತಿಂದ. ತಿಂದೆನಲ್ಲ ಎಂಬ ನಾಚಿಕೆಯೂ ಆಗಲಿಲ್ಲ. ಒಳಗಿನದೆಲ್ಲ ಮರಗಟ್ಟಿತ್ತು.

ಲಗಮವ್ವ ಮಲಗಿದ ದಿನ ಗೋಕಾಕದಿಂದ ತಾಲೂಕಿನ ಅಧಿಕಾರಿ ಮಾಮಲೇದಾರರು ವಿಚಾರಣೆಗೆ ಬಂದರು. ಜೊತೆಗೆ ಬಂದ ಕಂಪೌಂಡರ ಕೇರಿಯ ಅಂಚಿನಲ್ಲೇ ಮೂಗಿಗೆ ಅರಿವೆ ಹಿಡಿದು ನಿಂತು ಹೇಳಿದ: "ಕಾಲರಾ ಇದು. ನೀರ ಕುಡಸ್ರಿ, ಬಿಡದ ಕುಡಸ್ರಿ. ಆದರ ಬಾವಿ ನೀರ. ಹಳ್ಳದ್ದು ಒಂದು ಹನಿ ಸುದ್ದಾ ಬ್ಯಾಡ."

ಪಕ್ಕದ ಗುಡಿಸಲಿನ ಲಕ್ಕವ್ವ ಕೊಡ ಒಯ್ದು ಊರ ಬಾವಿಯಿಂದ ದೂರದಲ್ಲಿ ಇಟ್ಟು, ಸುರೀರಿ ತಾಯಿ, ಸುರೀರಿ ಎಂದು ಬೇಡಿದಳು. ಬ್ಯಾನಿ ಬಿದ್ದ ಕೇರಿಯವಳೆಂದು ಯಾರೂ ಸುರಿಯಲಿಲ್ಲ. ಕಲ್ಲು ಬೀಸಿ ಕೊಡ ಒಡೆದರು. ಗುಡಿಸಲಿನಲ್ಲಿ ಲಗಮವ್ವ ನಾಲಿಗೆ ಹೊರಗೆ ಹಾಕಿ "ನೀರ, ನೀರ" ಎನ್ನುತ್ತಿದ್ದಳು. ಕೇದಾರಿ ಅವಳ ತುಟಿಗೆ ಒದ್ದೆ ಅರಿವೆ ಒತ್ತಿದ. ಅರಿವೆಯ ನೀರೂ ಹಳ್ಳದ್ದೇ. ಅಷ್ಟರಲ್ಲಿ ಚಾವಡಿಯಿಂದ ಕರೆ ಬಂತು.

ಮಾಮಲೇದಾರರು ಪುಣೆ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ. ಕಟ್ಟೆಯ ಮೇಲೆ ಕುರ್ಚಿಯಲ್ಲಿ ಅವರು, ಬಿಸಿಲಿನಲ್ಲಿ ಕೇದಾರಿ, ನಡುವೆ ಕುಲಕರ್ಣಿ. ಅತ್ತಲಿಂದ ಇತ್ತ, ಇತ್ತಲಿಂದ ಅತ್ತ ಮಾತು ದಾಟಿಸುವುದು ಕುಲಕರ್ಣಿಯ ಕೆಲಸ.

"ಹಳ್ಳದಾಗ ಬ್ಯಾನಿ ಐತಿ ಅಂತ ಡಂಗುರ ಹೊಡದಿಲ್ಲೇನು ಅಂತ ಸಾಹೇಬರು ಕೇಳತಾರ."

ಆ ಹುಕುಮಿನಲ್ಲಿ ಬ್ಯಾನಿ ಎಂಬ ಮಾತಿತ್ತೆಂದು ಕೇದಾರಿ ಕೇಳಿದ್ದು ಅದೇ ಮೊದಲು. ಅವನು ಗೌಡರನ್ನು ನೋಡಿದ. ಬ್ಯಾನಿ ಅಂದರೆ ಆಳುಗಳೆಲ್ಲ ಊರು ಬಿಟ್ಟು ಓಡುತ್ತವೆ, ರಾಶಿ ಕಣದಲ್ಲೇ ಕೊಳೆಯುತ್ತದೆ. ಅದಕ್ಕೇ ಗೌಡರು ಆ ಒಂದು ಮಾತನ್ನು ನುಂಗಿ ಉಳಿದದ್ದನ್ನು ಹೇಳಿದ್ದರು. ಈಗ ಅವರು ಮೀಸೆ ಒರೆಸಿಕೊಂಡು, "ಎಲ್ಲಾ ಸಾರಂತ ಹೇಳೀನ್ರಿ ಸಾಹೇಬ್ರ. ಈ ಕುಡುಕ ಸೂಳಿಮಗ ತನ್ನ ಕೇರಿಗೆ ತಾನ ಹೇಳಿಲ್ಲ" ಎಂದರು.

"ಇಲ್ರಿ ಯಪ್ಪಾ, ಬ್ಯಾನಿ ಅಂತ ನನಗ ಹೇಳಿಲ್ರಿ. ನಮ್ಮ ಕೇರಿಗೇನ ಹೇಳ್ಲಿ ಅಂತ ಬಾಯಿ ಬಿಟ್ಟು ಕೇಳಿದ್ನಿರಿ. ರಾಶಿಗೆ ಬರ್ರಿ ಅಂದ್ರು."

ಏನಂತೆ, ಎಂಬಂತೆ ಮಾಮಲೇದಾರರು ಕುಲಕರ್ಣಿಯತ್ತ ಗದ್ದ ಎತ್ತಿದರು.

"ಚುಕಲೋ ಮ್ಹಣತೋ, ಸಾಹೇಬ," ಎಂದ ಕುಲಕರ್ಣಿ.

ತಪ್ಪಾಯಿತು ಅನ್ನುತ್ತಾನೆ, ಎಂದು. ಅಷ್ಟು ಮರಾಠಿ ಕೇದಾರಿಗೂ ಬರುತ್ತಿತ್ತು. ಅವನು ಕುಲಕರ್ಣಿಯ ಬಾಯಿಯನ್ನೇ ನೋಡಿದ. ಹುಟ್ಟಿದಾಗಿನಿಂದ ಪರರ ಮಾತು ಹೊತ್ತು ತಿರುಗಿದವನು ಅವನು. ಸತ್ತ ಸುದ್ದಿ ಹೊತ್ತು ಕಲ್ಲೋಳಿಗೆ ಹೋಗಿದ್ದಾನೆ, ತುಕ್ಕಾನಟ್ಟಿಗೆ ಹೋಗಿದ್ದಾನೆ. ಒಂದಕ್ಷರ ಆಚೀಚೆ ಮಾಡಿದವನಲ್ಲ. ಮಾತನ್ನು ದಾರಿಯಲ್ಲಿ ಹೀಗೆ ಬದಲಿಸಬಹುದು, ಬದಲಿಸಿದವನಿಗೆ ಏನೂ ಆಗುವುದಿಲ್ಲ ಎಂಬುದು ಅವನಿಗೆ ಆವತ್ತು ತಿಳಿಯಿತು.

ಮಾಮಲೇದಾರರು ಬಾವಿಗೆ ಔಷಧ ಹಾಕಿಸಿ, ಕೇರಿಯವರು ಹಳ್ಳದ ನೀರು ಮುಟ್ಟಕೂಡದೆಂದು ಹೇಳಿ ಟಾಂಗಾ ಹತ್ತಿದರು. ಮತ್ತೆ ಏನು ಕುಡಿಯಬೇಕೆಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಗೌಡರು ಅವರನ್ನು ಕಳಿಸಲು ಊರ ಬಾಗಿಲಾದ ಅಗಸಿಯವರೆಗೆ ಹೊರಟವರು ಕೇದಾರಿಯತ್ತ ತಿರುಗಿ, "ಬಾವಿ ನೀರ ಕೆಂಪಗಾಗೈತಿ, ಅದು ಔಷಧ, ಅಂಜಬ್ಯಾಡ್ರಿ ಅಂತ ಸಾರು" ಎಂದರು.

ಕೇದಾರಿ ಬಾವಿಯ ಬಯಲಿಗೆ ಹೋಗಿ ಹಲಗಿ ಬಾರಿಸಿದ. ಜನ ಕೂಡಿದರು.

"ಕೇಳ್ರಪೋ ಕೇಳ್ರಿ! ಮಾಮಲೇದಾರ ಸಾಹೇಬರ ಹುಕುಂ ಐತಿ! ಬಾವಿಗೆ ಔಷಧ ಹಾಕ್ಯಾರ, ಕೆಂಪ ನೀರಿಗೆ ಅಂಜಬ್ಯಾಡ್ರಿ! ಕೇರಿ ಮಂದಿ ಹಳ್ಳದ ನೀರ ಮುಟ್ಟಬಾರದು! ಇವತ್ತಿನಿಂದ ಊರ ಬಾವ್ಯಾಗ ಸೇದಬೇಕು! ಅಡ್ಡ ಬಂದವರ ಕೈಗೆ ಬೇಡಿ ಬೀಳತೈತಿ!"

ಅವನ ದನಿ ಎಂದಿನಂತೆಯೇ ಇತ್ತು. ಹೊಟ್ಟೆಯಲ್ಲಿ ಅಂಜಿಕೆ ಹುಡುಕಿದ, ಸಿಗಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಕುಲಗೆಟ್ಟ ಸರಕಾರ ಎಂದು ಬೈದರು. ಆದರೆ ಡಂಗುರವನ್ನು ಸುಳ್ಳೆಂದವರು ಆ ಊರಿನಲ್ಲಿ ಅಲ್ಲಿಯತನಕ ಯಾರೂ ಇರಲಿಲ್ಲ. ಹೆಂಗಸರು ಹಗ್ಗ ಎಳೆದುಕೊಂಡು ಬಾವಿಯ ಕಟ್ಟೆ ಇಳಿದರು.

ಕೇದಾರಿ ಅಲ್ಲಿಂದ ನೇರ ಕೇರಿಗೆ ಬಂದು ಅಲ್ಲಿಯೂ ಬಾರಿಸಿದ. ಕೇರಿಯ ಮಂದಿ ತಮ್ಮದೇ ಹಲಗಿಯ ದನಿಗೆ ಗಾಬರಿಯಾಗಿ ಹೊರಗೆ ಬಂದರು.

"ಖರೇನೇನೋ ತಮ್ಮಾ?" ಲಕ್ಕವ್ವ ಕೇಳಿದಳು.

"ಹುಕುಂ ಐತಬೇ. ಲಗಮವ್ವನ ಬಿಂದಿಗಿ ತಗೊಂಡ ಬಾ. ಮೊದಲ ಆಕಿಗೆ."

ಅವನ ಹಲಗಿಯ ಹಿಂದೆಯೇ ಬಂದ ಲಕ್ಕವ್ವ ಬಾವಿಯ ಕಟ್ಟೆ ಹತ್ತಿ ಬಿಂದಿಗೆ ಇಳಿಸುವಾಗ ಅಗಸಿಯ ಕಡೆಯಿಂದ ಗೌಡರು ಓಡಿಬಂದರು, ಕೈಯಲ್ಲಿ ಬಾರಕೋಲು. "ಯಾರ ಹುಕುಂ ಲೇ, ಹಡಸೂ ಮಗನ?"

"ಸರಕಾರದ್ದರಿ. ಗೋಕಾಕಕ್ಕ ಹೋಗಿ ಕೇಳ್ರಿ. ಬ್ಯಾನಿ ಮಾತ ಯಾರು ಮುಚ್ಚಿಟ್ರು ಅನ್ನೂದನ್ನೂ ಅಲ್ಲೇ ಕೇಳ್ರಿ."

ಬಾರಕೋಲು ಬಿತ್ತು. ಬೆನ್ನಿನ ಚರ್ಮ ಸುಲಿದದ್ದು ಅವನಿಗೆ ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. "ಹಿಡೀರಿ ಆ ರಂಡಿನ್ನ!" ಎಂದು ಗೌಡರು ಕೂಗಿದರು. ಲಕ್ಕವ್ವ ತುಂಬಿದ ಬಿಂದಿಗೆ ತಲೆಗೆ ಹೊತ್ತು ಕಟ್ಟೆ ಇಳಿದು ಜನರತ್ತಲೇ ನಡೆದಳು. ಹಿಡಿಯಬೇಕೆಂದರೆ ಅವಳನ್ನು ಮುಟ್ಟಬೇಕು. ಒಬ್ಬನೂ ಕೈ ಚಾಚಲಿಲ್ಲ. ಮೈಲಿಗೆಯಾದೀತೆಂದು ತಾವೇ ಎರಡೂ ಕಡೆ ಸರಿದು ದಾರಿ ಬಿಟ್ಟರು.

ಕೆಂಪು ನೀರು ಅವಳ ಹೆಗಲ ಮೇಲೆ ತುಳುಕಿತು. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಕಟ್ಟೆ ಹತ್ತತೊಡಗಿದರು. ಗೌಡರು ಬಾರಕೋಲನ್ನು ಮತ್ತೆ ಎತ್ತಿದರು, ಕೇದಾರಿ ಹಲಗಿ ಬಾರಿಸುತ್ತಲೇ ಇದ್ದ.