ಅಮಾವಾಸ್ಯೆಗೆ ಮುಂಚೆ ತೆರೆದ ಆಕಾಶ

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಹಾಪುರದ ನಮ್ಮ ಕಾಲೇಜಿನಲ್ಲಿ ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರೂ ಹೇಳುತ್ತಾರೆ. ಹೇಳಲಿ. ನಾನಿರುವುದು ಭೌತಶಾಸ್ತ್ರ ಕಲಿಸಲು, ಬೀಗರ ಉಪಚಾರಕ್ಕಲ್ಲ. ಆದರೆ ಆ ಅಮಾವಾಸ್ಯೆಯ ದಿನ ಸುರಪುರದಲ್ಲಿ ಬಂದ ಸಿಟ್ಟು ಬೇರೆಯೇ ತರಹದ್ದು.

ಅಂದು ಸಂಜೆ ಐದರೊಳಗೆ ನನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯ ಗೈಡ್ ಸರ್ ಕೈ ಸೇರಬೇಕಿತ್ತು. ಸೇರದಿದ್ದರೆ ನೋಂದಣಿ ರದ್ದು. ಬೇಡಬಹುದಾದ ಗಡುವನ್ನೆಲ್ಲ ಬೇಡಿ ಮುಗಿಸಿದ್ದೆ. ಭೀಮರಾಯನಗುಡಿಯ ಕ್ವಾರ್ಟರ್ಸಿನಿಂದ ಬೆಳಿಗ್ಗೆಯೇ ಸುರಪುರಕ್ಕೆ ಹೊರಟೆ. ಕಾಲುವೆಗೆ ನೀರು ಬಿಟ್ಟಿದ್ದರು, ಭತ್ತ ನಾಟಿಗೆ ಹೊರಟ ಹೆಣ್ಣುಮಕ್ಕಳಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ನಾವು ಹುಡುಕುತ್ತಿದ್ದುದು ಕಣ್ಣಿಗೆ ಕಾಣದ್ದನ್ನು. ನಮ್ಮ ಆಕಾಶಗಂಗೆಯ ಸುತ್ತ ಪುಟ್ಟ ಪುಟ್ಟ ಗೆಲಾಕ್ಸಿಗಳಿವೆ. ಅವುಗಳಲ್ಲಿ ನಕ್ಷತ್ರಗಳು ಕಡಿಮೆ, ತೂಕ ಮಾತ್ರ ವಿಪರೀತ. ಆ ಹೆಚ್ಚಿನ ತೂಕ ಕಪ್ಪು ದ್ರವ್ಯದ್ದು. ಅದರ ಎರಡು ಕಣಗಳು ಡಿಕ್ಕಿ ಹೊಡೆದು ನಾಶವಾದರೆ ಗಾಮಾ ಕಿರಣ ಹೊಮ್ಮಬಹುದು ಎಂಬ ಊಹೆಯಿದೆ. ಉಪಗ್ರಹ ಹಿಡಿದ ಕಿರಣಗಳ ಮಾಹಿತಿ ಯಾರಿಗೆ ಬೇಕಾದರೂ ಸಿಗುತ್ತದೆ, ಸುರಪುರದವರಿಗೂ. ಒಂದೊಂದೇ ಗೆಲಾಕ್ಸಿ ನೋಡಿದರೆ ಏನೂ ತಿಳಿಯದು, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಬೇಕು.

ಇದರಲ್ಲಿ ಒಂದು ಕಟ್ಟುನಿಟ್ಟಿದೆ. ಯಾವ ಗೆಲಾಕ್ಸಿ ಸೇರಿಸಬೇಕು, ಹೇಗೆ ಎಣಿಸಬೇಕು ಎಂಬುದು ತೀರ್ಮಾನವಾಗುವತನಕ ಆಕಾಶದ ಆ ತುಣುಕುಗಳ ಮಾಹಿತಿಯನ್ನು ಮುಚ್ಚಿಡಬೇಕು. ಮೊದಲೇ ಉತ್ತರ ನೋಡಿದವನ ಕೈ ತನಗೆ ಬೇಕಾದತ್ತ ವಾಲುತ್ತದೆ. ತೆರೆಯುವುದು ಒಂದೇ ಸಲ, ಇಬ್ಬರೂ ಇದ್ದಾಗ. ಮುಂಚೆ ನೋಡಿದ್ದು ಗೊತ್ತಾದರೆ ಮೊದಲಿನಿಂದ ಮಾಡಬೇಕು ಎಂದು ಸರ್ ಹೇಳಿಟ್ಟಿದ್ದರು.

ಇಬ್ಬರು ಎಂದರೆ ನಾನು ಮತ್ತು ನೀಲಕಂಠ. ನಮ್ಮ ಕಾಲೇಜಿನ ಅತಿಥಿ ಉಪನ್ಯಾಸಕ, ಸುರಪುರದ ಕಿರಾಣಿ ವ್ಯಾಪಾರಸ್ಥರ ಮನೆಯವನು. ಪ್ರೋಗ್ರಾಂ ಬರೆಯುವುದರಲ್ಲಿ ಎತ್ತಿದ ಕೈ. ಕಂಪ್ಯೂಟರ್ ಅವರ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು.

ಕರೆಂಟು ಬರುವತನಕ ಜೀವ ಕೈಯಲ್ಲಿ ಹಿಡಿದು ಕುಳಿತೆವು. ಬಂತು. ಅವನು ಗುಂಡಿ ಒತ್ತಿದ. ಪರದೆಯ ಮೇಲಿನ ಗೆರೆ ನೆಲಕ್ಕಂಟಿ ಸಾಗಿ, ಒಂದು ಕಡೆ ಎದ್ದು ನಿಂತು, ಮತ್ತೆ ಇಳಿಯಿತು. ಗಾಮಾ ಕಿರಣ, ಊಹೆ ಹೇಳಿದ ಜಾಗದಲ್ಲೇ. ನಾನು ಅತ್ತುಬಿಟ್ಟೆ. ಇಲ್ಲದ್ದನ್ನು ಹುಡುಕುವ ಹುಚ್ಚಿ ಎಂದು ನಕ್ಕವರ ಮುಖಗಳೆಲ್ಲ ನೆನಪಾಗಿ ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಅವನ ತಾಯಿ ಗೊಲ್ಲಾಳಮ್ಮ ಚಹಾ ತಂದರು. ನನ್ನ ಕಣ್ಣೀರು ನೋಡಿ ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಮಾಸಿ ದಿನ ಹೊಸಾ ಕೆಲಸ ಬ್ಯಾಡ ಅಂದಿದ್ದೆ ನೋಡ್ರಿ ಅಕ್ಕಾರ. ಅದಕ್ಕ ಸೋಮವಾರನ ಪ್ರಸ್ತಾನ ಮಾಡಿಸೀನಿ. ಚಲೋ ವ್ಯಾಳ್ಯಾದಾಗ ಒಮ್ಮಿ ತೆಗದು ಮುಚ್ಚ್ಯಾನ."

ನಮ್ಮ ಕಡೆ ಊರಿಗೆ ಹೊರಡುವ ದಿನ ಚಲೋ ಇಲ್ಲದಿದ್ದರೆ, ಮುಂಚೆಯೇ ಒಳ್ಳೆಯ ಗಳಿಗೆ ನೋಡಿ ಚೀಲವನ್ನು ನೆರೆಮನೆಯಲ್ಲಿ ಇಟ್ಟು ಬರುತ್ತಾರೆ. ಪ್ರಯಾಣ ಅಂದೇ ಶುರುವಾದಂತೆ. ಅದೇ ಪ್ರಸ್ತಾನ. ಚೀಲಕ್ಕಾದರೆ ಸರಿ. ಈ ಪುಣ್ಯಾತ್ಮ ಆಕಾಶಕ್ಕೂ ಮಾಡಿಬಿಟ್ಟಿದ್ದ.

ಗೊಲ್ಲಾಳಮ್ಮ ಕೆಳಗಿಳಿದು ಹೋದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಗೆಲಾಕ್ಸಿಗಳ ಪಟ್ಟಿಯಲ್ಲಿ ಏನೂ ಬದಲಾಗಿಲ್ಲ ಎಂದ ನೀಲಕಂಠ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಟ್ಟಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲವಲ್ಲ. ಬೈದೆ. ಬೈದದ್ದನ್ನೆಲ್ಲ ಬರೆಯಲು ಬರುವುದಿಲ್ಲ. ಕೊನೆಗೆ ಬಾಯಿಬಿಟ್ಟ. ತಾಯಿಯ ಮಾತಿಗೆ ತೆರೆದನಂತೆ, ನೋಡಬಾರದು ಎಂದೇ ಇದ್ದನಂತೆ, ಕಣ್ಣು ಕೇಳಲಿಲ್ಲವಂತೆ. ಗೆರೆ ಎಲ್ಲೂ ಏಳದ್ದು ಕಂಡು ಪಟ್ಟಿ ಕೆದಕಿದ್ದಾನೆ. ಒಂದು ಗೆಲಾಕ್ಸಿಯ ಪಕ್ಕದಲ್ಲಿ ಬೇರೇನೋ ಬೆಳಕು ಕಂಡಿದೆ, ಇದು ಹೊಲಸು ಎಂದು ಅದನ್ನು ತೆಗೆದುಹಾಕಿದ್ದಾನೆ. ತೆಗೆದದ್ದೇ ತಡ, ಗೆರೆ ಎದ್ದಿದೆ.

"ಅದನ್ನ ವಾಪಸ್ ಸೇರಸು."

"ಸೇರಿಸಿದ್ರ ಕಾಣಂಗಿಲ್ರಿ ಅಕ್ಕಾರ."

ನಾನೇ ಸೇರಿಸಿ ಗುಂಡಿ ಒತ್ತಿದೆ. ಎದ್ದು ನಿಂತಿದ್ದ ಗೆರೆ ಮಲಗಿತು.

ನಾಲ್ಕು ಹೊಡೆದಿತ್ತು. ನೀಲಕಂಠ ಕೈಮುಗಿದ. ಇದು ನಮ್ಮಿಬ್ಬರಿಗೇ ಗೊತ್ತು, ಆ ಗೆಲಾಕ್ಸಿ ನಿಜಕ್ಕೂ ಹೊಲಸೇ, ಯಾರು ಬೇಕಾದರೂ ಒಪ್ಪುತ್ತಾರೆ, ನಿಮ್ಮ ಡಿಗ್ರಿ ನೋಡಿಕೊಳ್ಳಿ ಎಂದ. ಒಪ್ಪುತ್ತಿದ್ದರು ಕೂಡ. ನನ್ನ ಆಸೆ ಎಂಥ ಕೆಟ್ಟದ್ದೆಂದರೆ, ಆ ಗೆಲಾಕ್ಸಿಯ ಚಿತ್ರ ತೆರೆದು ಹೊಲಸು ಕಾಣುತ್ತದೆಯೇ ಎಂದು ನಾನೂ ಹುಡುಕಿದೆ. ಹುಡುಕಿದಷ್ಟೂ ಕಾಣತೊಡಗಿತು. ಆಗ ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಸರ್ ಫೋನು. ಕಂಡಿತೇ ಎಂದು ಕೇಳಿದರು. ನೀಲಕಂಠ ನನ್ನ ಬಾಯನ್ನೇ ನೋಡುತ್ತಿದ್ದ.

"ಕಂಡಿತ್ರಿ ಸರ್. ನಾವು ಬೇಕು ಅಂದಿದ್ದಕ್ಕ ಕಂಡಿತ್ರಿ. ಅಲ್ಲಿ ಅದನೋ ಇಲ್ಲೋ ನಮಗಿನ್ನಾ ಗೊತ್ತಿಲ್ರಿ."

ಒಂದೂ ಬಿಡದೆ ಎಲ್ಲ ಹೇಳಿದೆ. ಮೊದಲಿನಿಂದ ಮಾಡಬೇಕಾಗುತ್ತದೆ, ನೋಂದಣಿ ಇವತ್ತಿಗೇ ಮುಗಿಯುತ್ತದಲ್ಲ ಪಾರ್ವತಿಬಾಯಿ ಎಂದರು. ಮುಗಿಯಲಿ ಎಂದೆ. ಫೋನಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ.