ಓಟದ ಚಡ್ಡಿ

ನನ್ನ ತಂಗಿಯ ಸೀಟು ತಪ್ಪಿಸಿದವನು ನಾನೇ. ಇನ್ಯಾರೂ ಅಲ್ಲ.

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೊಲಿಗೆ ಮೆಷಿನ್ ತುಳಿಯೋಕೆ ಕೂತವನು ನಾನು. ಹುಡುಗಿಯರ ಓಟದ ತಂಡದ ಎಂಟು ಚಡ್ಡಿ ನನ್ನ ಕೈಗೇ ಬಂದವು. ಅದರಲ್ಲೊಂದು ತಂಗಿಯದು. ಅವಳದು ಹರ್ಡಲ್ಸ್, ಹತ್ತು ಅಡ್ಡಪಟ್ಟಿ ಹಾರಿ ಓಡೋ ಆಟ. ಆಯ್ಕೆಯ ಓಟದಲ್ಲಿ ಮೊದಲು ಬಂದವಳಿಗೆ ತರಬೇತಿ ಕೇಂದ್ರದಲ್ಲಿ ಸೀಟು. ಇದ್ದದ್ದೇ ಒಂದು.

ಬಟ್ಟೆ ಕತ್ತರಿಸೋ ದಿನ ಪಕ್ಕದಂಗಡಿ ಬೀಗದವನು ಬಾಗಿಲಿಗೆ ಒರಗಿ, "ಏನಪ್ಪಾ ಟೈಲರು, ಊರಿಗೆಲ್ಲಾ ಹೊಲೀತೀಯ, ತಂಗಿಗೇ ಬಟ್ಟೆ ಸಾಲದೇ ಹೋಯ್ತಾ?" ಅಂದ. ಅಂಗಡಿಯಲ್ಲಿ ಕೂತಿದ್ದವರು ಕಿಸಕ್ಕೆಂದರು. ಅವನ ಹಲ್ಲುದುರಿಸೋ ಧೈರ್ಯ ನನಗೆಲ್ಲಿತ್ತು? ಸಿಟ್ಟನ್ನು ಬಟ್ಟೆ ಮೇಲೆ ತೀರಿಸಿಕೊಂಡೆ. ತಂಗಿಯದನ್ನು ನಾಲ್ಕಿಂಚು ಉದ್ದ, ದೊಗಳೆಯಾಗಿ ಹೊಲಿದೆ. ಬೇಕಂತಲೇ ಓಟದ ಬೆಳಿಗ್ಗೆ ಕೊಟ್ಟೆ.

"ಅಣ್ಣಾ, ಇದೇನು ಚಡ್ಡೀನಾ, ಲಂಗಾನಾ?"

"ಹಾಕ್ಕೊಂಡು ಓಡು. ಇಲ್ಲಾಂದ್ರೆ ಮನೇಲಿ ಬಿದ್ದಿರು."

ಏಳು ಪಟ್ಟಿ ಎಲ್ಲರಿಗಿಂತ ಮುಂದೆ ಹಾರಿದಳು. ಎಂಟನೆಯದಕ್ಕೆ ಬಟ್ಟೆಯ ಅಂಚು ಸಿಕ್ಕಿತು. ಪಟ್ಟಿಯ ಜೊತೆಗೇ ಮಗುಚಿ ಬಿದ್ದಳು. ಎದ್ದು ಕುಂಟುತ್ತಾ ಓಟ ಮುಗಿಸಿದಳು, ಎಲ್ಲರಿಗಿಂತ ಕೊನೆಗೆ.

ಕೋಚ್ ಮೇಡಂ ಆ ಅಂಚನ್ನು ಹಿಡಿದೆಳೆದರು. "ನಾನು ಕೊಟ್ಟ ಅಳತೆ ಇದಲ್ಲ. ಇಷ್ಟುದ್ದ ಯಾರು ಹೊಲಿಸಿದ್ದು?"

ನಾನು ಅಲ್ಲೇ ಇದ್ದೆ.

"ನಾನೇ ಉದ್ದ ಇರ್ಲಿ ಅಂದೆ ಮೇಡಂ," ಅಂದಳು ತಂಗಿ.

"ಅಷ್ಟು ಸಂಕೋಚ ಇದ್ರೆ ಮೈದಾನಕ್ಕೆ ಯಾಕೆ ಬಂದೆ?" ಎಲ್ಲರೆದುರಿಗೂ ಅವಳನ್ನು ಉಗಿದು ಉಪ್ಪಿನಕಾಯಿ ಹಾಕಿದರು. ಮೊಣಕಾಲಿನ ರಕ್ತ ಕಾಲುಚೀಲಕ್ಕೆ ಇಳೀತಿತ್ತು.

ಗೇಟಿನ ಹತ್ತಿರ ಕೇಳಿದೆ, "ಯಾಕೇ ಸುಳ್ಳು ಹೇಳ್ದೆ?"

"ತಂಡದ ಕೆಲಸ ನಿನ್ನ ಕೈತಪ್ಪುತ್ತೆ ಅಂತ. ನಿಜ ಹೇಳೋದು ನಿಂಗೆ ಬಿಟ್ಟಿದ್ದು. ನಂಗೆ ಕಾಲು ನೋಯ್ತಿದೆ, ಹೋಗ್ತೀನಿ."

ಒಬ್ಬಳೇ ಕುಂಟಿಕೊಂಡು ಹೊರಟಳು. ನಾನು ಒಳಗೆ ವಾಪಸ್ ಹೋದೆ. ಮೇಡಂ ಅಡ್ಡಪಟ್ಟಿಗಳನ್ನು ಎತ್ತಿಡ್ತಿದ್ದರು, ಹುಡುಗಿಯರು ಸುತ್ತ ಕೂತಿದ್ದರು. ಬೀಗದವನ ಮಾತು ಸಮೇತ ಎಲ್ಲಾ ಹೇಳಿದೆ.

"ಸೀಟು?" ಅಂದೆ ಕೊನೆಗೆ.

"ಗೆದ್ದವಳದು," ಅಂದರು ಮೇಡಂ. "ಅವಳು ಏನು ತಪ್ಪು ಮಾಡಿದ್ದಾಳೆ, ಕಿತ್ಕೊಳ್ಳೋಕೆ? ನಿನ್ನ ತಂಗಿ ಒಂದು ವರ್ಷ ಕಾಯ್ಬೇಕು."

ಬೈತಾರೆ ಅಂತ ನಿಂತೆ. ಬೈಯಲಿಲ್ಲ. ಕೂತಿದ್ದ ಹುಡುಗಿಯರಲ್ಲಿ ಒಬ್ಬಳು ತನ್ನ ಚಡ್ಡಿಯ ಅಂಚು ಮಗುಚಿ ಹೊಲಿಗೆ ನೋಡಿದಳು. ಆಮೇಲೆ ಪಕ್ಕದವಳು. ಆಮೇಲೆ ಉಳಿದವರೂ, ಒಬ್ಬೊಬ್ಬರೇ.